ಅಸಲಿಗೊಂದು ಪಿಗ್ಮಿ

ತಿಂಗಳ ಐದನೇ ತಾರೀಖು, ಬೆಳಗಿನ ಹೊತ್ತು. ಫಿಲ್ಟರಿನಲ್ಲಿ ಡಿಕಾಕ್ಷನ್ ಇನ್ನೂ ಪೂರ್ತಿ ಇಳಿದಿರುವುದಿಲ್ಲ, ಅಡುಗೆಮನೆಯ ಕಟ್ಟೆ ಮೇಲಿಟ್ಟ ಮೊಬೈಲು ಒಮ್ಮೆ ಗುಂಯ್‌ಗುಟ್ಟಿ ಸುಮ್ಮನಾಗುತ್ತದೆ. ಮನೆಸಾಲದ ಕಂತು ಖಾತೆಯಿಂದ ಹೋಯಿತು ಎಂಬ ಸಂದೇಶ. ಕೆಂಗೇರಿಯ ಅಪಾರ್ಟ್‌ಮೆಂಟಿನಲ್ಲೂ, ಹುಬ್ಬಳ್ಳಿಯ ಹೊಸ ಬಡಾವಣೆಯ ಮೂವತ್ತು ನಲವತ್ತರ ಸೈಟಿನ ಮನೆಯಲ್ಲೂ ಅದೇ ಸಂದೇಶ, ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಅದನ್ನು ಎರಡನೇ ಸಲ ಓದುವವರಿಲ್ಲ. ಬ್ಯಾಂಕು ತನ್ನ ದುಡ್ಡು ತಗೊಂಡಿತು, ಉಳಿದಿದ್ದರಲ್ಲಿ ತಿಂಗಳು ದೂಡಬೇಕು, ಅಷ್ಟೇ. ಹೋದ ದುಡ್ಡಿನಲ್ಲಿ ಅಸಲಿಗೆಷ್ಟು, ಬಡ್ಡಿಗೆಷ್ಟು ಎಂಬುದನ್ನು ಮಾತ್ರ ಆ ಸಂದೇಶ ಹೇಳುವುದಿಲ್ಲ.

ಸಾಲ ಬೇಗ ತೀರಿದರೆ ಒಳ್ಳೆಯದು ಎನ್ನುವುದು ಯಾರಿಗೂ ಹೇಳಿಕೊಡಬೇಕಾದ ಮಾತಲ್ಲ. ಹೇಗೆ ಎನ್ನುವಲ್ಲಿ ಲೆಕ್ಕ ತಪ್ಪುತ್ತದೆ. ಊರಿನ ಜಮೀನು ಮಾರಿದಾಗ, ಪಿಎಫ್ ಕೈಗೆ ಬಂದಾಗ, ಚೀಟಿ ಎತ್ತಿದಾಗ ಒಂದೇ ಏಟಿಗೆ ಕಟ್ಟಿಬಿಡೋಣ ಎಂದು ಕುಟುಂಬಗಳು ಕಾಯುತ್ತವೆ. ಆ ದೊಡ್ಡ ದುಡ್ಡು ಬರುವ ಹೊತ್ತಿಗೆ ಬಡ್ಡಿಯ ಬಹುಪಾಲು ಕಟ್ಟಿ ಆಗಿರುತ್ತದೆ. ಹದಿನೈದನೇ ವರ್ಷದ ಇಡುಗಂಟಿಗಿಂತ ಮೊದಲ ಐದಾರು ವರ್ಷಗಳಲ್ಲಿ ಮನೆಖರ್ಚಿನಿಂದ ಮಿಕ್ಕ ಸಾವಿರ, ಎರಡು ಸಾವಿರಕ್ಕೆ ಹೆಚ್ಚು ಬಲವಿದೆ. ಷರತ್ತು ಒಂದೇ: ಆ ದುಡ್ಡು ಉಳಿದ ದಿನವೇ ಸಾಲದ ಖಾತೆಗೆ ಹೋಗಿಬಿಡಬೇಕು.

ಕಂತಿನ ಒಳಗೇನಿದೆ

ಒಂದು ಸಾಧಾರಣ ಸಾಲವನ್ನೇ ತೆಗೆದುಕೊಳ್ಳೋಣ. 30 ಲಕ್ಷ ರೂಪಾಯಿ, ಶೇ 8.5ರ ಬಡ್ಡಿ, 20 ವರ್ಷ. ತಿಂಗಳ ಕಂತು 26,035 ರೂಪಾಯಿ. ಮೊದಲ ತಿಂಗಳು ಪೂರ್ತಿ 30 ಲಕ್ಷದ ಮೇಲೆ ಬಡ್ಡಿ ಬೀಳುತ್ತದೆ: 21,250 ರೂಪಾಯಿ. ಕಂತಿನಲ್ಲಿ ಮಿಕ್ಕಿದ್ದು 4,785. ಸಾಲ ಇಳಿಯುವುದು ಇಷ್ಟೇ. ಮರುತಿಂಗಳು ಬಾಕಿ ಅಷ್ಟು ಕಡಿಮೆ, ಹಾಗಾಗಿ ಬಡ್ಡಿ ಒಂದು ಚೂರು ಕಡಿಮೆ, ಅಸಲಿನ ಪಾಲು ಒಂದು ಚೂರು ಜಾಸ್ತಿ. ಕಂತು ಬದಲಾಗದೆ ಒಳಗಿನ ಪಾಲು ಮಾತ್ರ ಹೀಗೆ ಮೆಲ್ಲಗೆ ಜರುಗುತ್ತದೆ. ಎಷ್ಟು ಮೆಲ್ಲಗೆ ಎಂದರೆ, ಐದು ವರ್ಷ ತುಂಬುವ ತಿಂಗಳಲ್ಲೂ 18,779 ರೂಪಾಯಿ ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸಿಗುವುದು 7,256. ಅಷ್ಟರಲ್ಲಿ ಕಟ್ಟಿದ ದುಡ್ಡು 15.6 ಲಕ್ಷ ದಾಟಿರುತ್ತದೆ, ಬಾಕಿ ಮಾತ್ರ ಇನ್ನೂ 26.4 ಲಕ್ಷ. ಕಂತಿನಲ್ಲಿ ಅಸಲಿನ ಪಾಲು ಬಡ್ಡಿಯ ಪಾಲನ್ನು ಮೀರುವುದು ಹನ್ನೆರಡನೇ ವರ್ಷದ ಕೊನೆಗೆ.

ಇದರಲ್ಲಿ ಬ್ಯಾಂಕಿನ ಮೋಸವೇನೂ ಇಲ್ಲ. ಬಾಕಿ ಇರುವ ಅಸಲಿಗೆ ಬಡ್ಡಿ ಎಂಬ ಸರಳ ನಿಯಮವನ್ನು 240 ತಿಂಗಳ ಉದ್ದಕ್ಕೆ ಎಳೆದರೆ ಬರುವ ಫಲ ಇದು. ಬ್ಯಾಂಕು ಮೊದಲು ಬಡ್ಡಿ ಹಿಡಿದುಕೊಂಡು ಆಮೇಲೆ ಅಸಲು ತಗೊಳ್ಳುತ್ತದೆ ಎಂದು ಬೈಯುವವರು ಬಹಳ. ಆ ಬೈಗುಳಕ್ಕೆ ಆಧಾರವಿಲ್ಲದಿದ್ದರೂ ಅದರ ಹಿಂದಿನ ಸಂಕಟ ನಿಜ. 20 ವರ್ಷಕ್ಕೆ ಕಟ್ಟುವ ಒಟ್ಟು ಬಡ್ಡಿ 32.48 ಲಕ್ಷ, ತಂದ ಸಾಲಕ್ಕಿಂತ ಜಾಸ್ತಿ. ಅದರಲ್ಲಿ ಸುಮಾರು 29.5 ಲಕ್ಷ ಮೊದಲ 15 ವರ್ಷದೊಳಗೇ ಮುಗಿದಿರುತ್ತದೆ. ನಿವೃತ್ತಿಯ ಹತ್ತಿರ ಗಂಟು ಬಂದಾಗ ಸಾಲ ತೀರಿಸುವವರು ಉಳಿಸುವುದು ಕೊನೆಯ ಮೂರು ಲಕ್ಷದೊಳಗಿನ ಬಡ್ಡಿಯನ್ನು.

ಅದೇ ಒಂದು ಲಕ್ಷ, ಎರಡು ಕಾಲ

ಈ ಸಾಲಕ್ಕೆ ಮೊದಲ ವರ್ಷದ ಕೊನೆಯಲ್ಲಿ 1 ಲಕ್ಷ ರೂಪಾಯಿ ಹೆಚ್ಚುವರಿಯಾಗಿ ಕಟ್ಟಿ, ಕಂತನ್ನು ಇದ್ದಷ್ಟೇ ಇಟ್ಟುಕೊಂಡರೆ ಕೊನೆಯ 18 ಕಂತುಗಳು ಇಲ್ಲವಾಗುತ್ತವೆ. ಕಟ್ಟಿದ ಲಕ್ಷವನ್ನು ಕಳೆದರೂ ಸುಮಾರು 3.7 ಲಕ್ಷ ಬಡ್ಡಿ ಉಳಿಯುತ್ತದೆ. ಅದೇ ಲಕ್ಷವನ್ನು 15 ವರ್ಷದ ಕೊನೆಯಲ್ಲಿ ಕಟ್ಟಿದರೆ ಆರು ಕಂತೂ ಪೂರ್ತಿ ತಪ್ಪುವುದಿಲ್ಲ, ಉಳಿಯುವ ಬಡ್ಡಿ 50 ಸಾವಿರ. ವ್ಯತ್ಯಾಸ ತಂದದ್ದು ಕಾಲ ಮಾತ್ರ. ಅಸಲಿನಿಂದ ಕಿತ್ತ ರೂಪಾಯಿಗೆ ಮುಂದಿನ ಪ್ರತಿ ತಿಂಗಳೂ ಬಡ್ಡಿ ಇಲ್ಲ, ಹಾಗೆ ತಪ್ಪಿದ ಬಡ್ಡಿಯೂ ಅಸಲಿಗೇ ಹೋಗುತ್ತದೆ. ಬೇಗ ಕಿತ್ತಷ್ಟೂ ಈ ಸರಪಳಿ ಉದ್ದ.

ಇಲ್ಲೊಂದು ಎಚ್ಚರಿಕೆ ಬೇಕು. 3.7 ಲಕ್ಷ ಎಂಬ ಅಂಕಿ ನೋಡಿ ಮರುಳಾಗಬಾರದು. ಅದು ಉಳಿಯುವುದು ಹದಿನೆಂಟು, ಹತ್ತೊಂಬತ್ತು ವರ್ಷದ ಆಚೆ, ಆಗಿನ ರೂಪಾಯಿಯಲ್ಲಿ. ಒಂದು ಲಕ್ಷಕ್ಕೆ ನಾಲ್ಕು ಪಟ್ಟು ಲಾಭ ಎಂದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಲೆಕ್ಕಗಳೆಲ್ಲ ಈ ಸಂಗತಿಯನ್ನು ಮುಚ್ಚಿಡುತ್ತವೆ. ನೆಟ್ಟಗೆ ಹೇಳಬೇಕೆಂದರೆ ಅವಧಿಗೆ ಮುಂಚೆ ಕಟ್ಟಿದ ದುಡ್ಡು ದುಡಿಯುವುದು ಸಾಲದ ಬಡ್ಡಿದರದಷ್ಟೇ, ಇಲ್ಲಿ ಶೇ 8.5. ಆದರೆ ಈ ಗಳಿಕೆಗೆ ತೆರಿಗೆ ಇಲ್ಲ, ಮಾರುಕಟ್ಟೆಯ ಏರಿಳಿತ ತಟ್ಟುವುದಿಲ್ಲ. ಇಷ್ಟು ಖಾತ್ರಿಯಾಗಿ, ತೆರಿಗೆ ಕಳೆದು ಶೇ 8.5 ಕೊಡುವ ಠೇವಣಿ ಸಾಮಾನ್ಯ ಕುಟುಂಬಕ್ಕೆ ಎಲ್ಲಿ ಸಿಗುತ್ತದೆ? ಪಿಪಿಎಫ್‌ನ ಬಡ್ಡಿ 2020ರ ಏಪ್ರಿಲ್‌ನಿಂದಲೂ ಶೇ 7.1. ಬ್ಯಾಂಕಿನ ಎಫ್‌ಡಿ ಬಡ್ಡಿ ಅದರ ಮನೆಸಾಲದ ಬಡ್ಡಿಗಿಂತ ಸಾಮಾನ್ಯವಾಗಿ ಕೆಳಗೇ ಇರುತ್ತದೆ. ಆ ಅಂತರದಿಂದಲೇ ಬ್ಯಾಂಕು ನಡೆಯುವುದು. ಒಂದು ಕೈಯಲ್ಲಿ ಮನೆಸಾಲ, ಇನ್ನೊಂದು ಕೈಯಲ್ಲಿ ಎಫ್‌ಡಿ ಇಟ್ಟುಕೊಂಡವರು ಆ ಅಂತರವನ್ನು ತಮ್ಮ ಜೇಬಿನಿಂದ ತುಂಬಿಕೊಡುತ್ತಿರುತ್ತಾರೆ.

ಉಡುಪಿಯ ಎರಡಾಣೆ

ಸಣ್ಣ ದುಡ್ಡಿನ ಬಲ ಕರಾವಳಿಯವರಿಗೆ ಹೊಸದಲ್ಲ. ಕೈಮಗ್ಗದ ಕಸುಬು ನೆಲಕಚ್ಚಿ ನೇಕಾರರು ಕಂಗಾಲಾಗಿದ್ದ ಕಾಲದಲ್ಲಿ, 1925ರಲ್ಲಿ, ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ 8 ಸಾವಿರ ರೂಪಾಯಿ ಬಂಡವಾಳದಲ್ಲಿ ಹುಟ್ಟುಹಾಕಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಆ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ಏಜೆಂಟು ದಿನಾ ಮನೆಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಹೋಗುತ್ತಿದ್ದ. ಇವತ್ತಿಗೂ ಕರ್ನಾಟಕದ ಪೇಟೆಗಳಲ್ಲಿ, ಅದರಲ್ಲೂ ಸಹಕಾರಿ ಸಂಘಗಳಲ್ಲಿ, ಪಿಗ್ಮಿ ನಡೆಯುತ್ತಲೇ ಇದೆ.

ಪಿಗ್ಮಿಯ ಗುಟ್ಟು ಅದರ ಬಡ್ಡಿಯಲ್ಲಿ ಇರಲಿಲ್ಲ. ದಿನದ ವ್ಯಾಪಾರ ಮುಗಿದು ಗಲ್ಲಾಪೆಟ್ಟಿಗೆ ಬಿಸಿಯಾಗಿರುವಾಗಲೇ ಏಜೆಂಟು ಬಂದು ನಿಲ್ಲುತ್ತಿದ್ದ, ಆ ದುಡ್ಡು ರಾತ್ರಿಯವರೆಗೆ ಮನೆಯಲ್ಲಿ ಉಳಿಯುತ್ತಿರಲಿಲ್ಲ. ಉಳಿತಾಯವೆಂದರೆ ಖರ್ಚು ಕಡಿಮೆ ಮಾಡುವುದು ಎಂದುಕೊಂಡಿದ್ದೇವೆ. ಅದು ಅರ್ಧ ಕೆಲಸ. ಕಡಿಮೆಯಾದ ಖರ್ಚಿನ ದುಡ್ಡು ಎಲ್ಲಿಗೆ ಹೋಯಿತು ಎನ್ನುವುದು ಮಿಕ್ಕ ಅರ್ಧ. 2023ರಲ್ಲಿ ಗೃಹಜ್ಯೋತಿ ಬಂದು ಎಷ್ಟೋ ಮನೆಗಳ ಕರೆಂಟ್ ಬಿಲ್ ಸೊನ್ನೆಯಾಯಿತು, ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳ ಬಸ್ ಚಾರ್ಜು ಉಳಿಯಿತು. ಆ ತಿಂಗಳಿಂದ ಆ ದುಡ್ಡು ಎಲ್ಲಿದೆ ಎಂದು ಕೇಳಿದರೆ ಸರಿಯಾಗಿ ಹೇಳಬಲ್ಲ ಮನೆ ಅಪರೂಪ. ಅದು ಪೋಲಾಯಿತು ಎಂದಲ್ಲ, ಬೆಲೆ ಏರಿಕೆಯಲ್ಲಿ, ಸಣ್ಣಪುಟ್ಟ ಅಗತ್ಯಗಳಲ್ಲಿ ಸದ್ದಿಲ್ಲದೆ ಬೆರೆತುಹೋಯಿತು. ದಾರಿ ತೋರಿಸದ ಉಳಿತಾಯಕ್ಕೆ ಇದೇ ಗತಿ.

ಹಾಗಾಗಿ ಮನೆಸಾಲದವರಿಗೆ ಬೇಕಾಗಿರುವುದು ಸಾಲದ ಖಾತೆಗೇ ತುಂಬುವ ಒಂದು ಪಿಗ್ಮಿ. ಈಗ ಏಜೆಂಟು ಬೇಕಿಲ್ಲ. ಸಾಲದ ಖಾತೆಯ ಸಂಖ್ಯೆಯನ್ನು ನೆಟ್‌ಬ್ಯಾಂಕಿಂಗ್‌ನಲ್ಲಿ ಸೇರಿಸಿಕೊಂಡು, ಸಂಬಳ ಬಂದ ಮರುದಿನಕ್ಕೇ 2,000 ರೂಪಾಯಿ ತಾನಾಗಿ ಹೋಗುವಂತೆ ಮಾಡಿಟ್ಟರೆ ಕೆಲಸ ಮುಗಿಯಿತು. ಹೀಗೆ ಮಾಡಿದ ಮೊದಲ ತಿಂಗಳು ಆಗುವುದನ್ನು ಹತ್ತಿರದಿಂದ ನೋಡಿದರೆ ನಗು ಬರುತ್ತದೆ: 2,000 ಕಟ್ಟಿದ್ದಕ್ಕೆ ಮರುತಿಂಗಳ ಬಡ್ಡಿಯಲ್ಲಿ ಉಳಿದದ್ದು 14 ರೂಪಾಯಿ. ದರ್ಶಿನಿಯಲ್ಲಿ ನೆಟ್ಟಗೆ ಒಂದು ಲೋಟ ಕಾಫಿಯೂ ಬಾರದು. ಹೆಚ್ಚಿನವರು ಕೈಬಿಡುವುದು ಇಲ್ಲೇ. ಆದರೆ ಮೊದಲ ತಿಂಗಳಿಂದಲೇ ಹೀಗೆ ಬಿಡದೆ ಕಟ್ಟಿದರೆ 240 ತಿಂಗಳ ಸಾಲ 201 ತಿಂಗಳಿಗೆ ಮುಗಿಯುತ್ತದೆ, ಬಡ್ಡಿಯಲ್ಲಿ ಸುಮಾರು 6.1 ಲಕ್ಷ ಉಳಿಯುತ್ತದೆ. 5,000 ಕಟ್ಟಬಲ್ಲವರಿಗೆ ಸಾಲ 13 ವರ್ಷ 8 ತಿಂಗಳಿಗೆ ಇಳಿಯುತ್ತದೆ.

ಎರಡು ಸಾವಿರ ಎಲ್ಲಿಂದ

ಉಳಿತಾಯದ ಮಾತು ಬಂದ ಕೂಡಲೇ ಎಲ್ಲರ ಕಣ್ಣು ಅಡುಗೆಮನೆಯತ್ತ ಹೊರಳುತ್ತದೆ. ಎಣ್ಣೆ ಕಡಿಮೆ ಮಾಡಿ, ಸೊಪ್ಪಿಗೆ ಚೌಕಾಸಿ ಮಾಡಿ, ಹಾಲು ಅರ್ಧ ಲೀಟರ್ ಇಳಿಸಿ ಎಂಬ ಉಪದೇಶ. ಸಾಸಿವೆ ಡಬ್ಬಿಯಲ್ಲಿ ದುಡ್ಡು ಕೂಡಿಟ್ಟು ಸಂಸಾರ ಕಾಪಾಡಿದ ಹೆಂಗಸರ ಜಾಣತನ ದೊಡ್ಡದು, ಆದರೆ ಮನೆಸಾಲದಂಥ ಭಾರವನ್ನೂ ಅದೇ ಡಬ್ಬಿಯ ತಲೆಗೆ ಕಟ್ಟುವುದು ಅನ್ಯಾಯ. ಲೆಕ್ಕದ ದೃಷ್ಟಿಯಿಂದಲೂ ಅದು ತಪ್ಪು. ನಿತ್ಯದ ದಿನಸಿಯಲ್ಲಿ ಹಿಂಡಿದರೆ ನೂರಿನ್ನೂರು ಸಿಗಬಹುದು, ಮೂರು ತಿಂಗಳಿಗೆ ಮನೆಯವರೆಲ್ಲ ಸಿಡಿಮಿಡಿಗೊಳ್ಳುತ್ತಾರೆ. ಸಾವಿರದ ಲೆಕ್ಕದ ಸೋರಿಕೆ ಇರುವುದು ಬೇರೆ ಕಡೆ: ಯಾರೂ ನೋಡದ ಎರಡು ಒಟಿಟಿ ಚಂದಾ, ವಾರಕ್ಕೆ ಮೂರು ಸಲ ಮೊಬೈಲಿನಲ್ಲಿ ತರಿಸುವ ಊಟ, ವರ್ಷಕ್ಕೊಮ್ಮೆ ಬದಲಾಗುವ ಫೋನು, ಇರುವ ಬೈಕು ಚೆನ್ನಾಗಿ ಓಡುತ್ತಿರುವಾಗಲೇ ಕಂತಿನ ಮೇಲೆ ಬರುವ ಹೊಸ ಬೈಕು.

ಇವೆಲ್ಲಕ್ಕಿಂತ ಸುಲಭವಾದದ್ದು, ಯಾರಿಗೂ ನೋವಾಗದ್ದು, ಮುಗಿದ ಖರ್ಚಿನ ದುಡ್ಡು. ಸ್ಕೂಟರಿನ ಸಾಲ ತೀರಿತು, ಮಗಳ ಟ್ಯೂಷನ್ ಮುಗಿಯಿತು, ಹಿರಿಯ ಮಗನ ಹಾಸ್ಟೆಲ್ ಫೀಜು ನಿಂತಿತು. ಆ ದುಡ್ಡಿಲ್ಲದೆ ಬದುಕುವುದು ಮನೆಗೆ ಅಭ್ಯಾಸವಾಗಿಹೋಗಿರುತ್ತದೆ. ಮುಗಿದ ತಿಂಗಳಿಂದಲೇ ಅಷ್ಟನ್ನೂ ಮನೆಸಾಲಕ್ಕೆ ತಿರುಗಿಸಿದರೆ ಹೊಟ್ಟೆ ಬಟ್ಟೆಯಲ್ಲಿ ಕಡಿತ ಮಾಡಬೇಕಿಲ್ಲ. ಎರಡು ತಿಂಗಳು ತಡ ಮಾಡಿದರೆ ಅದಕ್ಕೆ ಇನ್ನೊಂದು ಖರ್ಚು ಬಂದು ಅಂಟಿಕೊಳ್ಳುತ್ತದೆ. ಆಗಾಗ ಒಟ್ಟಾಗಿ ಬರುವ ದುಡ್ಡೂ ಇದೆ: ನೌಕರರ ಮನೆಯಲ್ಲಾದರೆ ತುಟ್ಟಿಭತ್ಯೆಯ ಬಾಕಿ, ಗಳಿಕೆ ರಜೆಯ ನಗದೀಕರಣ, ಖಾಸಗಿ ಕಂಪನಿಯಲ್ಲಾದರೆ ಬೋನಸ್. ರೈತರಿಗೆ ಅಡಿಕೆಯೋ ಕಾಫಿಯೋ ಮಾರಿದ ಹಂಗಾಮು. ಇದರಿಂದ ವರ್ಷಕ್ಕೆ ಒಂದೇ ಒಂದು ಕಂತನ್ನು ಹೆಚ್ಚಾಗಿ ಕಟ್ಟಿದರೂ ಮೂರು ವರ್ಷಕ್ಕಿಂತ ಜಾಸ್ತಿ ಅವಧಿ ಕಡಿಮೆಯಾಗುತ್ತದೆ.

ಸಂಬಳ ವರ್ಷವರ್ಷ ಏರುವವರಿಗೆ ಇನ್ನೂ ಗಟ್ಟಿ ದಾರಿಯಿದೆ. ಪ್ರತಿ ವರ್ಷ ಕಟ್ಟುವ ಮೊತ್ತವನ್ನು ಶೇ 5ರಷ್ಟು ಹೆಚ್ಚಿಸುತ್ತ ಹೋಗುವುದು. ಎರಡನೇ ವರ್ಷ 26,035ರ ಬದಲು 27,337, ಮೂರನೇ ವರ್ಷ 28,704. ಸಂಬಳದ ಏರಿಕೆಯ ಒಂದು ತುಣುಕು ಮಾತ್ರ ಇದಕ್ಕೆ ಸಾಕು. ಇಪ್ಪತ್ತು ವರ್ಷದ ಸಾಲ ಹನ್ನೆರಡು ವರ್ಷ ಚಿಲ್ಲರೆಗೆ ಮುಗಿಯುತ್ತದೆ. ಇಲ್ಲಿನ ಲೆಕ್ಕಗಳಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಇದು. ಸಾಲ ತಂದ ದಿನ ಹೊರೆಯೆನಿಸಿದ ಕಂತು ಎಂಟನೇ ವರ್ಷಕ್ಕೆ ಹಗುರಾಗಿರುತ್ತದೆ, ಹಾಗೆ ಹಗುರಾದಷ್ಟೂ ನಮ್ಮ ಜೀವನಶೈಲಿ ಉಬ್ಬಿಕೊಂಡು ಆ ಜಾಗ ತುಂಬಿಬಿಡುತ್ತದೆ.

ರೆಪೊ ಏರಿದಾಗ, ಇಳಿದಾಗ

ಮೇಲಿನ ಲೆಕ್ಕಗಳೆಲ್ಲ ಬಡ್ಡಿದರ ಇಪ್ಪತ್ತು ವರ್ಷವೂ ಒಂದೇ ಇರುತ್ತದೆ ಎಂಬ ಊಹೆಯ ಮೇಲೆ ನಿಂತಿವೆ. ನಿಜದಲ್ಲಿ ಹಾಗಿಲ್ಲ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಬದಲಾಗುವ ಬಡ್ಡಿಯ ಹೊಸ ಮನೆಸಾಲಗಳನ್ನು ಹೊರಗಿನ ಒಂದು ದರಕ್ಕೆ, ಹೆಚ್ಚಾಗಿ ರಿಸರ್ವ್ ಬ್ಯಾಂಕಿನ ರೆಪೊ ದರಕ್ಕೆ, ಕಟ್ಟಿಹಾಕಬೇಕಾಗಿದೆ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರೆಪೊ ಶೇ 4ರಿಂದ ಶೇ 6.5ಕ್ಕೆ ಏರಿತು. ಶೇ 6.75ಕ್ಕೆ 30 ಲಕ್ಷ ಸಾಲ ತಂದವರ ಕಂತು 22,811 ರೂಪಾಯಿ. ಬಡ್ಡಿ ಶೇ 9.25 ಆದಾಗ ಬಾಕಿ 29 ಲಕ್ಷ ಇದ್ದರೆ ತಿಂಗಳ ಬಡ್ಡಿಯೇ 22,354. ಕಂತಿನಲ್ಲಿ ಅಸಲಿಗೆ ಮಿಕ್ಕಿದ್ದು 457 ರೂಪಾಯಿ! ಕಂತು ಏರಿಸದೆ ಅವಧಿಯನ್ನು ಮಾತ್ರ ಎಳೆಯುತ್ತ ಹೋದಾಗ ಐವತ್ತರ ಹೊತ್ತಿಗೆ ಮುಗಿಯಬೇಕಿದ್ದ ಸಾಲ ಅರವತ್ತನ್ನೂ ದಾಟಿ ಹೋಗುವ ಸ್ಥಿತಿ ಬಂದದ್ದು ಹೀಗೆ. ಎಷ್ಟೋ ಜನರಿಗೆ ಅದು ಗೊತ್ತೇ ಆಗಲಿಲ್ಲ, ಏಕೆಂದರೆ ತಿಂಗಳ ಸಂದೇಶದಲ್ಲಿ ಕಂತು ಬದಲಾಗಿರಲಿಲ್ಲ.

ಇದನ್ನು ನೋಡಿಯೇ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ನಿಯಮ ತಂದಿತು. ಬಡ್ಡಿ ಬದಲಾದಾಗ ಕಂತು ಹೆಚ್ಚಿಸಬೇಕೋ ಅವಧಿ ಹೆಚ್ಚಿಸಬೇಕೋ ಎಂದು ಗ್ರಾಹಕರನ್ನು ಕೇಳಬೇಕು. ಕಂತು ಬಡ್ಡಿಗೂ ಸಾಕಾಗದ ಸ್ಥಿತಿ ಬರದಂತೆ ನೋಡಿಕೊಳ್ಳಬೇಕು. ಇದುವರೆಗೆ ಸಂದ ಅಸಲೆಷ್ಟು, ಬಡ್ಡಿಯೆಷ್ಟು, ಇನ್ನೆಷ್ಟು ಕಂತು ಬಾಕಿ ಎಂಬುದನ್ನು ಮೂರು ತಿಂಗಳಿಗೊಮ್ಮೆ ತಿಳಿಸಬೇಕು. ಆ ತಿಳಿವಳಿಕೆ ಪತ್ರ ಇಮೇಲಿನ ಯಾವುದೋ ಮೂಲೆಯಲ್ಲಿ ತೆರೆಯದೆ ಬಿದ್ದಿರುತ್ತದೆ. ಅದರಲ್ಲಿ ನೋಡಬೇಕಾದ ಅಂಕಿ ಒಂದೇ, ಬಾಕಿ ಕಂತುಗಳ ಸಂಖ್ಯೆ.

ಬಡ್ಡಿ ಇಳಿಯುವ ಕಾಲ ಸಾಲ ಕರಗಿಸಲು ಪ್ರಶಸ್ತ. 2025ರ ಫೆಬ್ರುವರಿಯಿಂದ ಜೂನ್‌ವರೆಗೆ ರೆಪೊ ಶೇ 6.5ರಿಂದ ಶೇ 5.5ಕ್ಕೆ ಇಳಿಯಿತು. ಶೇ 9ರ ಸಾಲ ಶೇ 8ಕ್ಕೆ ಇಳಿದಾಗ 30 ಲಕ್ಷಕ್ಕೆ ಕಂತು 26,992ರಿಂದ 25,093ಕ್ಕೆ ತಗ್ಗಬಹುದು. ತಿಂಗಳಿಗೆ 1,900 ಉಳಿಯಿತು ಎಂದು ಖುಷಿಪಡುವ ಬದಲು ಹಳೆಯ ಕಂತನ್ನೇ ಕಟ್ಟುತ್ತ ಹೋದರೆ, ಮನೆಖರ್ಚಿನಲ್ಲಿ ನಯಾಪೈಸೆ ಕಡಿತ ಮಾಡದೆ, ಮೂರು ವರ್ಷ ಮುಂಚೆ ಸಾಲ ತೀರುತ್ತದೆ.

ಅದೇ ದುಡ್ಡನ್ನು ಬೇರೆಡೆ ಹಾಕಬಾರದೇ?

ಹೀಗೆ ಸಾಲ ಬೇಗ ತೀರಿಸುವುದಕ್ಕೆ ಬರುವ ಆಕ್ಷೇಪಗಳಲ್ಲಿ ಹೆಚ್ಚು ಕೇಳಿಬರುವುದು ಮ್ಯೂಚುವಲ್ ಫಂಡಿನ ಎಸ್‌ಐಪಿಯವರದ್ದು. ಷೇರುಪೇಟೆ ದೀರ್ಘಕಾಲದಲ್ಲಿ ಶೇ 8.5ಕ್ಕಿಂತ ಜಾಸ್ತಿ ಕೊಡುತ್ತದೆ, ಅಗ್ಗದ ಸಾಲ ತೀರಿಸಿ ಆ ಲಾಭ ಏಕೆ ಬಿಡಬೇಕು ಎಂಬುದು ಅವರ ಪ್ರಶ್ನೆ. ಅದರಲ್ಲಿ ಹುರುಳಿಲ್ಲ ಎಂದು ತಳ್ಳಿಹಾಕುವಂತಿಲ್ಲ. ಹದಿನೈದು ವರ್ಷ ಅಲುಗಾಡದೆ ಹೂಡುವ ಗಟ್ಟಿಗರಿಗೆ ಅದು ಹೆಚ್ಚು ಕೊಡಬಹುದು. ಆದರೆ 'ಕೊಡಬಹುದು' ಮತ್ತು 'ಉಳಿಯುತ್ತದೆ' ಎರಡೂ ಒಂದೇ ತೂಕದ ಮಾತಲ್ಲ. ಖಾತ್ರಿಯ ಗಳಿಕೆಯನ್ನು ಖಾತ್ರಿಯ ಗಳಿಕೆಯ ಜೊತೆಗೇ ಹೋಲಿಸಬೇಕು. ಜತೆಗೆ ಪೇಟೆ ಕುಸಿದ ವರ್ಷವೇ ಕೆಲಸವೂ ಹೋಗುವುದುಂಟು. ಬೆಂಗಳೂರಿನ ಐಟಿ ಮನೆಗಳಲ್ಲಿ ಇದು ಬರೀ ಊಹೆಯಲ್ಲ. ಫಂಡನ್ನು ನಷ್ಟಕ್ಕೆ ಮಾರಿ ಕಂತು ಕಟ್ಟುವ ಸ್ಥಿತಿ ಯಾವ ಸರಾಸರಿಯಲ್ಲೂ ಕಾಣುವುದಿಲ್ಲ. ನಿವೃತ್ತಿಗೆಂದು ಈಗಾಗಲೇ ನಡೆಯುತ್ತಿರುವ ಎಸ್‌ಐಪಿ ನಿಲ್ಲಿಸಬೇಕಿಲ್ಲ. ಹೊಸದಾಗಿ ಉಳಿಯುವ ಎರಡು ಸಾವಿರ ಎಲ್ಲಿಗೆ ಎನ್ನುವುದಷ್ಟೇ ಇಲ್ಲಿನ ಪ್ರಶ್ನೆ.

ತೆರಿಗೆ ರಿಯಾಯಿತಿ ಹೋಗುತ್ತದಲ್ಲ ಎನ್ನುವವರು ಇನ್ನೂ ಇದ್ದಾರೆ. ಸ್ವಂತ ವಾಸದ ಮನೆಯ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ ಇರುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ ಅದಿಲ್ಲ, 2023-24ರಿಂದ ಹೊಸದೇ ತಾನಾಗಿ ಅನ್ವಯವಾಗುತ್ತಿದೆ. ಅದರಲ್ಲಿ 2025-26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲವೆಂದ ಮೇಲೆ ಬಹಳ ಕುಟುಂಬಗಳ ಪಾಲಿಗೆ ಈ ಆಕ್ಷೇಪ ಬಿದ್ದುಹೋಗಿದೆ. ಹಳೆಯ ಪದ್ಧತಿಯಲ್ಲಿದ್ದು ಶೇ 30ರ ತೆರಿಗೆ ಕಟ್ಟುವವರಿಗೆ ಮಾತ್ರ ಇದರಲ್ಲಿ ಸತ್ಯವಿದೆ: 2 ಲಕ್ಷದೊಳಗಿನ ಬಡ್ಡಿ ಅವರಿಗೆ ಶೇ 6ರ ಸಾಲದಷ್ಟೇ ಭಾರ. ಅವರು ಮೊದಲ ವರ್ಷಗಳಲ್ಲಿ ಬಡ್ಡಿಯನ್ನು 2 ಲಕ್ಷಕ್ಕೆ ಇಳಿಸುವಷ್ಟು ಕಟ್ಟಿ ಆಮೇಲೆ ಯೋಚಿಸಲಿ.

ಮೂರನೆಯ ಆಕ್ಷೇಪ ಹೆಚ್ಚು ಚುರುಕಾದದ್ದು. ದುಡ್ಡಿನ ಬೆಲೆ ಇಳಿಯುತ್ತಲೇ ಇರುತ್ತದೆ. ಹಣದುಬ್ಬರ ಶೇ 5 ಇದ್ದರೆ ಇಂದಿನ 26,035ರ ಕಂತು ಇಪ್ಪತ್ತು ವರ್ಷಕ್ಕೆ ಇಂದಿನ 9,800ರಷ್ಟೇ ತೂಗುತ್ತದೆ. ಹಾಗಿರುವಾಗ ತೂಕವಿರುವ ಇಂದಿನ ರೂಪಾಯಿ ಕೊಟ್ಟು ಹಗುರಾಗುವ ನಾಳೆಯ ರೂಪಾಯಿಯನ್ನು ಏಕೆ ಉಳಿಸಬೇಕು? ಅಮೆರಿಕದಂತೆ 30 ವರ್ಷವೂ ಬದಲಾಗದ ಬಡ್ಡಿಗೆ ಸಾಲ ಸಿಗುವ ಕಡೆ ಈ ವಾದಕ್ಕೆ ಭಾರೀ ಬಲವಿದೆ. ಅಲ್ಲಿ ಬೆಲೆ ಏರಿದರೂ ಕಂತು ಏರದು, ಲಾಭ ಸಾಲಗಾರನದ್ದು. ನಮ್ಮಲ್ಲಿ ಹಣದುಬ್ಬರ ಏರಿದರೆ ರಿಸರ್ವ್ ಬ್ಯಾಂಕ್ ರೆಪೊ ಏರಿಸುತ್ತದೆ, ಮೂರು ತಿಂಗಳೊಳಗೆ ನಮ್ಮ ಬಡ್ಡಿಯೂ ಏರುತ್ತದೆ. 2022ರಲ್ಲಿ ಆದದ್ದು ಅದೇ. ಹಣದುಬ್ಬರದ ಲಾಭ ಸಾಲಗಾರನ ಕೈಸೇರುವ ಮೊದಲೇ ಬ್ಯಾಂಕು ಅದನ್ನು ಬಡ್ಡಿಯಲ್ಲಿ ವಸೂಲು ಮಾಡಿಕೊಂಡಿರುತ್ತದೆ.

ಅವಸರ ಮಾಡಬಾರದವರು

ಇಷ್ಟೆಲ್ಲ ಹೇಳಿದ ಮೇಲೂ ಕೆಲವರು ಇದಕ್ಕೆ ಕೈಹಾಕದಿರುವುದೇ ಮೇಲು. ಕ್ರೆಡಿಟ್ ಕಾರ್ಡಿನ ಬಾಕಿಗೆ ವರ್ಷಕ್ಕೆ ಶೇ 36ಕ್ಕೂ ಹೆಚ್ಚು ಬಡ್ಡಿ ಬೀಳುತ್ತದೆ. ಅದನ್ನು ಇಟ್ಟುಕೊಂಡು ಶೇ 8.5ರ ಸಾಲ ತೀರಿಸುವುದು ಬುದ್ಧಿವಂತಿಕೆಯಲ್ಲ. ವೈಯಕ್ತಿಕ ಸಾಲ, ಕೈಸಾಲ, ಅಡವಿಟ್ಟ ಒಡವೆ ಎಲ್ಲವೂ ಮೊದಲ ಸಾಲಿನಲ್ಲಿ ನಿಲ್ಲುತ್ತವೆ. ಆರು ತಿಂಗಳ ಮನೆಖರ್ಚು ಮತ್ತು ಕಂತಿಗೆ ಸಾಕಾಗುವಷ್ಟು ದುಡ್ಡು, ಮನೆಮಂದಿಗೆಲ್ಲ ಆರೋಗ್ಯ ವಿಮೆ, ದುಡಿಯುವವರ ಹೆಸರಲ್ಲಿ ಟರ್ಮ್ ವಿಮೆ ಇಲ್ಲದವರಂತೂ ಇದನ್ನು ಯೋಚಿಸಲೇಬಾರದು. ಸಾಲದ ಖಾತೆಗೆ ಹೋದ ದುಡ್ಡು ಆಸ್ಪತ್ರೆಯ ಕೌಂಟರಿಗೆ ಸುಲಭವಾಗಿ ವಾಪಸ್ ಬರುವುದಿಲ್ಲ. ಟಾಪ್‌ಅಪ್ ಸಾಲ ಸಿಗಬಹುದು, ಆದರೆ ಬೇಕಾದ ರಾತ್ರಿಗೆ ಸಿಗಲಾರದು. ಈ ಭಯ ಇರುವವರಿಗೆ ಓವರ್‌ಡ್ರಾಫ್ಟ್ ಮಾದರಿಯ ಮನೆಸಾಲ ಹೊಂದುತ್ತದೆ. ಅದರಲ್ಲಿ ಹಾಕಿಟ್ಟಷ್ಟು ದಿನ ಅಷ್ಟರ ಮಟ್ಟಿಗೆ ಬಡ್ಡಿ ಬೀಳುವುದಿಲ್ಲ, ಬೇಕೆಂದಾಗ ತೆಗೆಯಬಹುದು. ಬಡ್ಡಿದರ ಒಂದು ಚೂರು ಜಾಸ್ತಿ ಇರುತ್ತದೆ, ತೆಗೆಯುವ ಸುಲಭದಿಂದಾಗಿ ತೆಗೆದುಬಿಡುವ ಚಪಲವೂ.

ಇಪಿಎಫ್ ತೆಗೆದು ಮನೆಸಾಲ ಕಟ್ಟುವ ರೂಢಿಯೂ ಇದೆ. 2024-25ಕ್ಕೆ ಇಪಿಎಫ್‌ಗೆ ಬಂದ ಬಡ್ಡಿ ಶೇ 8.25. ಹೆಚ್ಚುಕಮ್ಮಿ ಅಷ್ಟೇ ಬಡ್ಡಿಯ ಸಾಲ ತೀರಿಸಲು ಮುಪ್ಪಿನ ಆಸರೆಯನ್ನು ಒಡೆಯುವುದಕ್ಕೆ ಕಾರಣವೇ ಇಲ್ಲ. ಮಕ್ಕಳ ಓದಿಗೆ ಇಟ್ಟದ್ದನ್ನು ಇಲ್ಲಿ ಸುರಿದು, ನಾಲ್ಕು ವರ್ಷ ಬಿಟ್ಟು ಇನ್ನೂ ದುಬಾರಿ ಬಡ್ಡಿಗೆ ಶಿಕ್ಷಣ ಸಾಲ ತೆಗೆಯುವುದೂ ಹಾಗೆಯೇ.

ಕೌಂಟರಿನಲ್ಲಿ ಕೇಳಬೇಕಾದ್ದು

ಅವಧಿಗೆ ಮುಂಚೆ ಕಟ್ಟಿದರೆ ದಂಡ ಹಾಕುತ್ತಾರೆ ಎಂಬ ಭಯ ಇವತ್ತಿಗೂ ಹೋಗಿಲ್ಲ. ಬದಲಾಗುವ ಬಡ್ಡಿಯ ಮನೆಸಾಲಕ್ಕೆ ಬ್ಯಾಂಕುಗಳು ಅಂಥ ಶುಲ್ಕ ಹಾಕಕೂಡದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. 2025ರ ಜುಲೈನ ನಿರ್ದೇಶನ ಇದನ್ನು ಇನ್ನಷ್ಟು ಬಿಗಿ ಮಾಡಿತು: 2026ರ ಜನವರಿ 1ರಿಂದ ಮಂಜೂರಾಗುವ ಇಂಥ ಸಾಲಗಳಲ್ಲಿ ಪೂರ್ತಿ ಕಟ್ಟಲಿ, ಭಾಗಶಃ ಕಟ್ಟಲಿ, ದುಡ್ಡು ಎಲ್ಲಿಂದಲಾದರೂ ಬರಲಿ, ಶುಲ್ಕವಿಲ್ಲ, ಇಂತಿಷ್ಟು ತಿಂಗಳು ಕಾಯಬೇಕೆಂಬ ಕಟ್ಟುಪಾಡೂ ಇಲ್ಲ. ನಿಗದಿತ ಬಡ್ಡಿಯ ಸಾಲವಾದರೆ ಮಾತ್ರ ಒಪ್ಪಂದ ತೆಗೆದು ನೋಡಬೇಕು.

ಹೆಚ್ಚುವರಿ ದುಡ್ಡು ಕಟ್ಟಿದಾಗ ಅವಧಿ ಇಳಿಸಬೇಕೋ ಕಂತು ಇಳಿಸಬೇಕೋ ಎಂಬ ಆಯ್ಕೆ ಬರುತ್ತದೆ. ಇಷ್ಟು ಹೊತ್ತು ಹೇಳಿದ ಉಳಿತಾಯವೆಲ್ಲ ಅವಧಿ ಇಳಿಸಿದರೆ ಮಾತ್ರ. ಕಂತು ಇಳಿಸಿಕೊಂಡರೆ ಕೈಗೆ ನಾಲ್ಕು ಕಾಸು ಹೆಚ್ಚು ಉಳಿಯುತ್ತದೆ, ಸಾಲ ಮಾತ್ರ ಮೊದಲಿನಷ್ಟೇ ಉದ್ದ. ಇನ್ನೊಂದು ತೊಡಕೂ ಉಂಟು. ಹೆಚ್ಚಾಗಿ ಕಟ್ಟಿದ ದುಡ್ಡನ್ನು ಅಸಲಿಗೆ ಜಮಾ ಮಾಡದೆ ಮುಂದಿನ ತಿಂಗಳ ಕಂತಿನ ಮುಂಗಡವೆಂದು ಹಿಡಿದುಕೊಳ್ಳುವ ಸಾಧ್ಯತೆ. ಕಟ್ಟಿದ ವಾರದಲ್ಲಿ ಸಾಲದ ಸ್ಟೇಟ್‌ಮೆಂಟ್ ತೆಗೆದು ಅಸಲಿನ ಬಾಕಿ ಅಷ್ಟೂ ಇಳಿದಿದೆಯೇ ಎಂದು ನೋಡಿದರೆ ತಿಳಿಯುತ್ತದೆ. ಇಳಿದಿರದಿದ್ದರೆ ಬಾಯಿಮಾತಿನಲ್ಲಿ ಕೇಳಿ ಬರಬಾರದು, ಬರೆದುಕೊಟ್ಟು ಸ್ವೀಕೃತಿ ಪಡೆಯಬೇಕು.

ಕೊನೆಯ ಕಂತಿನ ನಂತರ

ಸಾಲ ತೀರಿತೆಂದು ಬ್ಯಾಂಕು ಹೇಳಿದರೆ ಅರ್ಧ ಮುಗಿದಂತೆ. ಕ್ರಯಪತ್ರ, ಖಾತೆ ಸೇರಿದಂತೆ ಅಡವಿಟ್ಟ ಮೂಲ ಕಾಗದಪತ್ರಗಳನ್ನು ಪೂರ್ತಿ ತೀರಿಸಿದ 30 ದಿನದೊಳಗೆ ಹಿಂದಿರುಗಿಸಬೇಕು, ತನ್ನ ತಪ್ಪಿನಿಂದ ತಡವಾದರೆ ಬ್ಯಾಂಕು ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು. 2023ರ ಡಿಸೆಂಬರ್‌ನಿಂದ ಜಾರಿಯಲ್ಲಿರುವ ನಿಯಮ ಇದು. ಸಾಲ ತರುವಾಗ ಕೊಟ್ಟ ಕಾಗದಗಳ ಪಟ್ಟಿಯನ್ನು ಬ್ಯಾಂಕು ಬರೆದುಕೊಟ್ಟಿರುತ್ತದೆ. ವಾಪಸ್ ಪಡೆಯುವಾಗ ಅದನ್ನು ಕೈಯಲ್ಲಿ ಹಿಡಿದು ಒಂದೊಂದಾಗಿ ಹಾಳೆ ತಿರುವಿ ನೋಡಬೇಕು. ಬಾಕಿಯಿಲ್ಲವೆಂಬ ಪತ್ರವನ್ನೂ ಅದೇ ದಿನ ಕೇಳಬೇಕು. ಅಡಮಾನ ಉಪನೋಂದಣಿ ಕಚೇರಿಯಲ್ಲಿ ದಾಖಲಾಗಿದ್ದರೆ ಬ್ಯಾಂಕಿನವರನ್ನು ಕರೆಸಿ ಋಣ ತೀರಿದ ಪತ್ರವನ್ನೂ ಅಲ್ಲೇ ನೋಂದಾಯಿಸಬೇಕು. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ, ಹತ್ತು ವರ್ಷದ ಮೇಲೆ ಮನೆ ಮಾರಲೋ ಮಕ್ಕಳ ಹೆಸರಿಗೆ ಮಾಡಲೋ ಹೊರಟಾಗ ಹಳೆಯ ಅಡಮಾನ ಋಣಭಾರ ಪತ್ರದಲ್ಲಿ ಹಾಗೇ ಕೂತಿರುತ್ತದೆ. ಅಷ್ಟರಲ್ಲಿ ಆ ಶಾಖೆಯೇ ಇನ್ನೊಂದರಲ್ಲಿ ವಿಲೀನವಾಗಿರಬಹುದು. ನೋಂದಣಿಯಾದ ಮೇಲೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಹೊಸ ಋಣಭಾರ ಪತ್ರ (ಇಸಿ) ತೆಗೆಸಿ ನೋಡಿಕೊಳ್ಳಬಹುದು. ಕಂತು ತಾನಾಗಿ ಕಡಿತವಾಗಲೆಂದು ಅಂದು ಸಹಿ ಹಾಕಿದ ಆದೇಶವನ್ನು ರದ್ದು ಮಾಡಿಸುವುದು, ಸಿಬಿಲ್ ವರದಿಯಲ್ಲಿ ಖಾತೆ ಮುಕ್ತಾಯ ಎಂದು ಬಂದಿದೆಯೇ ನೋಡುವುದು, ಇವೆರಡಕ್ಕೆ ಇನ್ನೊಂದೆರಡು ತಿಂಗಳು ಹಿಡಿಯುತ್ತದೆ.